ಮುಟ್ಟು ನಿಂತ ಮೇಲೆ ಉರಿ, ಒಣಗುವಿಕೆ, ಪದೇ ಪದೇ ಮೂತ್ರದ ಸೋಂಕು: ಆ ಕ್ರೀಮ್ ಹಚ್ಚಬಹುದಾ?

ಪ್ರಶ್ನೆ: ನನಗೆ 53 ವರ್ಷ. ಬೇಲೂರು ತಾಲ್ಲೂಕಿನ ಅರೇಹಳ್ಳಿ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮುಟ್ಟು ನಿಂತು ನಾಲ್ಕು ವರ್ಷ ಆಯಿತು. ಎರಡು ವರ್ಷದಿಂದ ಕೆಳಗಡೆ ಒಣಗಿದ ಹಾಗೆ, ಉರಿ, ತುರಿಕೆ. ಉಷ್ಣ ಅಂತ ಬಾರ್ಲಿ ನೀರು, ಎಳನೀರು ಎಲ್ಲಾ ಕುಡಿದೆ. ಕಳೆದ ಒಂದು ವರ್ಷದಲ್ಲಿ ಮೂರು ಸಲ ಯೂರಿನ್ ಇನ್ಫೆಕ್ಷನ್ ಎಂದು ಆಂಟಿಬಯಾಟಿಕ್ ಕೊಟ್ಟರು. ವಾರ ಹುಷಾರಾಗುತ್ತದೆ, ಮತ್ತೆ ಶುರು. ಕೆಮ್ಮಿದರೆ, ಸೀನಿದರೆ ಮೂತ್ರ ಜಾರುತ್ತದೆ. ಗಂಡನ ಜೊತೆ ಸೇರುವುದೆಂದರೆ ನೋವಿನ ಭಯ. ಶುಗರ್ ಇದೆ, ಎಂಟು ತಿಂಗಳಿಂದ ಡಾಪಾಗ್ಲಿಫ್ಲೋಜಿನ್ ಎಂಬ ಮಾತ್ರೆಯನ್ನೂ ಸೇರಿಸಿದ್ದಾರೆ. ಹಾಸನದಲ್ಲಿ ಲೇಡಿ ಡಾಕ್ಟರ್ ಪರೀಕ್ಷೆ ಮಾಡಿ ಒಳಗೆ ಹಚ್ಚಲು ಈಸ್ಟ್ರೋಜನ್ ಕ್ರೀಮ್ ಬರೆದರು. ಡಬ್ಬಿಯೊಳಗಿನ ಚೀಟಿ ಓದಿದ ಮಗಳು ‘ಕ್ಯಾನ್ಸರ್ ಬರಬಹುದು ಅಂತ ಇದೆಯಮ್ಮ’ ಎಂದಳು. ನಾಲ್ಕು ದಿನ ಹಚ್ಚಿ ನಿಲ್ಲಿಸಿಬಿಟ್ಟೆ. ಹಚ್ಚಿದಾಗ ಉರಿಯೂ ಆಯಿತು. ಏನು ಮಾಡಲಿ? ಹೆಸರು ಹಾಕಬೇಡಿ.

ಉತ್ತರ: ಟ್ಯೂಬು ಎಸೆದಿಲ್ಲ ತಾನೇ? ಇದ್ದರೆ ಹುಡುಕಿ, ಎಕ್ಸ್‌ಪೈರಿ ತಾರೀಖು ನೋಡಿ ಪಕ್ಕಕ್ಕಿಡಿ. ಅದು ಬೇಕಾಗುತ್ತದೆ.

ನಿಮ್ಮ ಪತ್ರದಲ್ಲಿ ನಾಲ್ಕೈದು ಕಾಯಿಲೆ ಇರುವಂತೆ ಕಾಣುತ್ತದೆ. ಒಣಗುವಿಕೆ ಒಂದು, ಉರಿ ಒಂದು, ಸೋಂಕು ಒಂದು, ನೋವು ಇನ್ನೊಂದು. ನನ್ನ ಅಂದಾಜಿನಲ್ಲಿ ಇದರಲ್ಲಿ ಬಹುಪಾಲು ಒಂದೇ ತೊಂದರೆ. ಮುಟ್ಟು ನಿಂತ ಮೇಲೆ ಅಂಡಾಶಯದಿಂದ ಈಸ್ಟ್ರೋಜನ್ ಬರುವುದು ಬಹಳ ಕಡಿಮೆಯಾಗುತ್ತದೆ. ಯೋನಿಯ ಒಳಚರ್ಮ, ಮೂತ್ರನಾಳ, ಮೂತ್ರಕೋಶದ ಬಾಯಿ ಮೂರಕ್ಕೂ ಈ ಹಾರ್ಮೋನಿನ ಆಸರೆ ಇತ್ತು. ಅದು ಹೋದಾಗ ಚರ್ಮ ತೆಳುವಾಗುತ್ತದೆ, ಪಸೆ ಆರುತ್ತದೆ, ಹಿಗ್ಗುವ ಗುಣ ಕಡಿಮೆಯಾಗುತ್ತದೆ. ಮೊದಲೆಲ್ಲ ಡಾಕ್ಟರುಗಳು ಇದನ್ನು ಬರೀ ಯೋನಿ ಒಣಗುವಿಕೆ ಎಂದು ಬರೆಯುತ್ತಿದ್ದರು. ಮೂತ್ರದ ತೊಂದರೆಗೂ ಕಾರಣ ಇದೇ ಎಂದು ಗೊತ್ತಿದ್ದರಿಂದ, 2014ರಲ್ಲಿ ಎರಡನ್ನೂ ಸೇರಿಸಿ ಒಂದೇ ಹೆಸರು ಕೊಟ್ಟರು: ಜೆನಿಟೋಯೂರಿನರಿ ಸಿಂಡ್ರೋಮ್ ಆಫ್ ಮೆನೋಪಾಸ್, ಚಿಕ್ಕದಾಗಿ ಜಿಎಸ್‌ಎಂ. ಡಾಕ್ಟರ್ ಬರೆದುಕೊಟ್ಟ ಚೀಟಿಯಲ್ಲಿ ಆ ಮೂರಕ್ಷರ ಇದ್ದರೆ ಹೆದರಬೇಡಿ.

ಮೈ ಬಿಸಿಯಾಗುವುದು, ರಾತ್ರಿ ಬೆವರುವುದು ಇವೆಲ್ಲ ಕೆಲವು ವರ್ಷದಲ್ಲಿ ಹೆಚ್ಚಿನವರಿಗೆ ತಾನಾಗಿ ತಗ್ಗುತ್ತದೆ. ಇದು ಹಾಗಲ್ಲ. ಬಿಟ್ಟರೆ ನಿಧಾನಕ್ಕೆ ಜಾಸ್ತಿಯಾಗುತ್ತದೆ. ‘ವಯಸ್ಸಾಯಿತು, ಸಹಿಸಿಕೋ’ ಎಂಬ ಮಾತು ಇದಕ್ಕೆ ಹೊಂದುವುದಿಲ್ಲ.

ಇನ್ನು ಸೋಂಕಿನ ವಿಷಯ. ಮುಟ್ಟು ಆಗುವ ವಯಸ್ಸಿನಲ್ಲಿ ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿರುತ್ತದೆ. ಮೊಸರಿನಲ್ಲಿರುವುದರ ಬಳಗವೇ. ಈಸ್ಟ್ರೋಜನ್ ಇದ್ದಾಗ ಒಳಚರ್ಮದಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯಂಥ ಪದಾರ್ಥ ಸೇರುತ್ತದೆ. ಅದೇ ಈ ಬ್ಯಾಕ್ಟೀರಿಯಾಕ್ಕೆ ಆಹಾರ. ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡಿ ಜಾಗವನ್ನು ಹುಳಿಯಾಗಿ ಇಡುತ್ತದೆ. ಪಿಎಚ್ ಲೆಕ್ಕದಲ್ಲಿ 3.5ರಿಂದ 4.5, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಹಾರ್ಮೋನು ಹೋದರೆ ಆಹಾರ ಹೋಯಿತು, ಒಳ್ಳೆಯ ಬ್ಯಾಕ್ಟೀರಿಯಾ ಹೋಯಿತು, ಹುಳಿಯೂ ಹೋಯಿತು. ಪಿಎಚ್ 5 ದಾಟುತ್ತದೆ. ಆಗ ಗುದದ್ವಾರದ ಕಡೆಯಿಂದ ಬರುವ ಇ. ಕೋಲಿಯಂಥ ಬ್ಯಾಕ್ಟೀರಿಯಾ ಅಲ್ಲೇ ಬೀಡುಬಿಟ್ಟು, ಬೆರಳಿನಷ್ಟೂ ಉದ್ದವಿಲ್ಲದ ಮೂತ್ರನಾಳ ಹತ್ತಿ ಮೂತ್ರಕೋಶಕ್ಕೆ ಹೋಗುತ್ತದೆ.

ಮುರಿದ ಬೇಲಿ ಹಾಗೇ ಬಿಟ್ಟು ಹೊಲಕ್ಕೆ ನುಗ್ಗಿದ ದನ ಓಡಿಸುತ್ತಾ ಕೂತ ಹಾಗೆ ನಿಮ್ಮ ಕಳೆದ ಒಂದು ವರ್ಷ ಕಳೆದಿದೆ. ಆಂಟಿಬಯಾಟಿಕ್ ದನ ಓಡಿಸಿತು. ಬೇಲಿ ಕಟ್ಟುವ ಔಷಧಿಯನ್ನು ನೀವು ನಾಲ್ಕೇ ದಿನಕ್ಕೆ ನಿಲ್ಲಿಸಿದಿರಿ.

ಹೀಗೆ ಹೇಳಲು ಆಧಾರ ಇದೆ. 1993ರಲ್ಲಿ ರಾಜ್ ಮತ್ತು ಸ್ಟ್ಯಾಮ್ ಎಂಬ ಇಬ್ಬರು ವೈದ್ಯರು ಪದೇ ಪದೇ ಮೂತ್ರದ ಸೋಂಕು ಆಗುತ್ತಿದ್ದ, ಮುಟ್ಟು ನಿಂತ 93 ಮಹಿಳೆಯರ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರಿಯಾಲ್ (ಈಸ್ಟ್ರೋಜನ್ನಿನ ಒಂದು ಬಗೆ) ಕ್ರೀಮ್ ಕೊಟ್ಟರು, ಉಳಿದವರಿಗೆ ಔಷಧಿ ಇಲ್ಲದ ಸಾದಾ ಕ್ರೀಮ್. ಸಾದಾ ಕ್ರೀಮಿನವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಸೋಂಕು ಬಂತು. ಈಸ್ಟ್ರಿಯಾಲ್ ಹಚ್ಚಿದವರಿಗೆ 0.5 ಸಲ. ಅವರ ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಮತ್ತೆ ಕಾಣಿಸಿಕೊಂಡಿತು. ಇಷ್ಟು ಹಳೆಯ ವಿಷಯ ನಮ್ಮ ಓಪಿಡಿಗಳಲ್ಲಿ ಇನ್ನೂ ಪೂರ್ತಿ ಬಳಕೆಗೆ ಬಂದಿಲ್ಲವಲ್ಲ ಎಂಬುದು ನನ್ನ ಹೊಟ್ಟೆಯುರಿ.

ಈಗ ಆ ಚೀಟಿಗೆ ಬರೋಣ. ನಿಮ್ಮ ಮಗಳು ಸುಳ್ಳು ಓದಿಲ್ಲ. ಈಸ್ಟ್ರೋಜನ್ ಇರುವ ಔಷಧಿಗಳ ಚೀಟಿಯಲ್ಲಿ ಸ್ತನ ಕ್ಯಾನ್ಸರ್, ಗರ್ಭಕೋಶದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವುದು ಎಂದೆಲ್ಲ ಬರೆದಿರುತ್ತದೆ. ಆ ಭಯ ಬಹುಪಾಲು ಹುಟ್ಟಿದ್ದು 2002ರಲ್ಲಿ ಹೊರಬಂದ ಅಮೆರಿಕದ ದೊಡ್ಡ ಅಧ್ಯಯನವೊಂದರಿಂದ. ಅಲ್ಲಿ ಪರೀಕ್ಷೆ ಮಾಡಿದ್ದು ದಿನಾ ಬಾಯಿಂದ ನುಂಗುವ ಎರಡು ಹಾರ್ಮೋನಿನ ಮಾತ್ರೆಯನ್ನು. ಆದರೆ ಎಚ್ಚರಿಕೆಯನ್ನು ನುಂಗುವ ಮಾತ್ರೆಗೂ ಹಚ್ಚುವ ಕ್ರೀಮಿಗೂ ಒಂದೇ ಥರ ಅಚ್ಚು ಹಾಕಿದರು. 2018ರಲ್ಲಿ ಅದೇ ಯೋಜನೆಯಡಿ ವರ್ಷಗಟ್ಟಲೆ ಗಮನಿಸಿದ ಇನ್ನೊಂದು ದೊಡ್ಡ ಗುಂಪಿನ ಲೆಕ್ಕ ಬಂತು. ಯೋನಿಯೊಳಗೆ ಮಾತ್ರ ಈಸ್ಟ್ರೋಜನ್ ಬಳಸಿದವರಲ್ಲಿ, ಬಳಸದವರಿಗಿಂತ ಕ್ಯಾನ್ಸರ್ ಆಗಲಿ ಹೃದಯದ ಕಾಯಿಲೆ ಆಗಲಿ ಜಾಸ್ತಿ ಕಾಣಲಿಲ್ಲ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಕಪ್ಪು ಚೌಕದಲ್ಲಿ ಅಚ್ಚಾಗುತ್ತಿದ್ದ ಈ ಎಚ್ಚರಿಕೆಗಳನ್ನು ತೆಗೆಯುವುದಾಗಿ ಪ್ರಕಟಿಸಿತು. ನಮ್ಮ ಅಂಗಡಿಗಳ ಡಬ್ಬಿಯಲ್ಲಿ ಹಳೆಯ ಚೀಟಿ ಇನ್ನೂ ಇರಬಹುದು.

ಪ್ರಮಾಣವನ್ನೂ ನೋಡಿ. ಯೋನಿಯೊಳಗೆ ಇಡುವ 10 ಮೈಕ್ರೋಗ್ರಾಂ ಎಸ್ಟ್ರಡಯೋಲ್ (ಇದೂ ಈಸ್ಟ್ರೋಜನ್ನೇ) ಮಾತ್ರೆ ಸಿಗುತ್ತದೆ. ಮೊದಲ ಎರಡು ವಾರ ದಿನಾ, ಆಮೇಲೆ ವಾರಕ್ಕೆ ಎರಡು. ಒಂದು ವರ್ಷದ್ದು ಪೂರ್ತಿ ಕೂಡಿಸಿದರೂ ಸುಮಾರು 1.1 ಮಿಲಿಗ್ರಾಂ ಆಗುತ್ತದೆ. ಬಾಯಿಂದ ತೆಗೆದುಕೊಳ್ಳುವ ಎಸ್ಟ್ರಡಯೋಲ್ ಮಾತ್ರೆ ಒಂದೇ ದಿನಕ್ಕೆ 1 ಮಿಲಿಗ್ರಾಂ ಇರುತ್ತದೆ. ನಿಮ್ಮದು ಕ್ರೀಮ್, ಲೆಕ್ಕ ಸ್ವಲ್ಪ ಬೇರೆ, ಆದರೆ ಕಡಿಮೆ ಪ್ರಮಾಣದಲ್ಲಿ ಹಚ್ಚಿದರೆ ರಕ್ತದಲ್ಲಿ ಹಾರ್ಮೋನು ಮುಟ್ಟು ನಿಂತವರ ಮಟ್ಟದಲ್ಲೇ ಉಳಿಯುತ್ತದೆ. ಅದಕ್ಕೇ ಗರ್ಭಕೋಶ ಇರುವವರಿಗೂ ಇದರ ಜೊತೆ, ಗರ್ಭಕೋಶದ ಒಳಪದರ ಕಾಪಾಡಲು ಕೊಡುವ ಪ್ರೊಜೆಸ್ಟರಾನ್ ಹಾರ್ಮೋನಿನ ಮಾತ್ರೆ ಬೇಕಾಗುವುದಿಲ್ಲ.

ಹಾಗಂತ ಎಲ್ಲರೂ ಅಂಗಡಿಗೆ ಹೋಗಿ ಕೇಳಿ ತರಬೇಡಿ. ಮುಟ್ಟು ನಿಂತು ಒಂದು ವರ್ಷದ ಮೇಲೆ ಒಂದು ಹನಿ ರಕ್ತ ಕಂಡರೂ ಮೊದಲು ಅದರ ಕಾರಣ ಪತ್ತೆಯಾಗಬೇಕು, ಆಮೇಲೆ ಕ್ರೀಮ್. ಸ್ತನ ಕ್ಯಾನ್ಸರ್ ಆಗಿದ್ದವರು ಹಾರ್ಮೋನ್ ಇಲ್ಲದ ಜೆಲ್ಲಿನಿಂದ ಶುರು ಮಾಡಬೇಕು. ಅದು ಸಾಲದಿದ್ದರೆ ಕ್ಯಾನ್ಸರ್ ಡಾಕ್ಟರನ್ನೂ ಕೂರಿಸಿಕೊಂಡು ಮಾತಾಡಬೇಕು. ಅದರಲ್ಲೂ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆ ನುಂಗುತ್ತಿರುವವರು ಸ್ವಂತ ತೀರ್ಮಾನ ಮಾಡಲೇಬಾರದು. ನಿಮಗೆ ಇವೆರಡೂ ಇಲ್ಲ ಎಂದಾದರೆ, ಪರೀಕ್ಷೆ ಮಾಡಿದ ಡಾಕ್ಟರೇ ಬರೆದುಕೊಟ್ಟಿರುವುದರಿಂದ, ಅವರಿಗೊಂದು ಫೋನ್ ಮಾಡಿ ಮತ್ತೆ ಶುರು ಮಾಡುವುದು ಸರಿ ಅನ್ನಿಸುತ್ತದೆ.

ಹಚ್ಚಿದಾಗ ಉರಿಯಾಯಿತು ಎಂದಿರಿ. ತೆಳುವಾದ, ಕೆರೆದು ಕೆಂಪಾದ ಚರ್ಮಕ್ಕೆ ಏನು ತಾಗಿದರೂ ಮೊದಮೊದಲು ಉರಿಯುತ್ತದೆ. ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ತಗ್ಗುತ್ತದೆ. ತಗ್ಗದೆ ಜಾಸ್ತಿಯಾದರೆ ಬೇರೆ ಕಂಪನಿಯದ್ದಕ್ಕೋ ಒಳಗಿಡುವ ಮಾತ್ರೆಗೋ ಬದಲಾಯಿಸಬಹುದು. ರಾತ್ರಿ ಮಲಗುವ ಮುಂಚೆ, ಮೂತ್ರ ಮಾಡಿ ಬಂದು, ಕಾಲು ಮಡಚಿ ಅಂಗಾತ ಮಲಗಿ ಹಚ್ಚಿ. ಜೊತೆಗೆ ಕೊಟ್ಟ ನಳಿಗೆಯಲ್ಲಿ ಗುರುತಿನವರೆಗೆ ಮಾತ್ರ ತುಂಬಿ. ಈಸ್ಟ್ರಿಯಾಲ್ ಕ್ರೀಮಾದರೆ ಸಾಮಾನ್ಯವಾಗಿ ಅರ್ಧ ಗ್ರಾಂ. ನಳಿಗೆ ಹಾಕಲು ನೋವಾದರೆ ಮೊದಲ ವಾರ ಬೆರಳ ತುದಿಯಲ್ಲಿ ಬಟಾಣಿಯಷ್ಟು ತೆಗೆದುಕೊಂಡು ಯೋನಿಯ ಬಾಯಿಗೂ ಮೂತ್ರದ್ವಾರದ ಸುತ್ತಲೂ ಸವರಿ. ನಳಿಗೆಯನ್ನು ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದಿಡಿ, ಕುದಿಸಬೇಡಿ. ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ರಾತ್ರಿ. ಮರೆಯದಿರಲು ದಿನ ಗೊತ್ತು ಮಾಡಿಕೊಳ್ಳಿ, ಸೋಮವಾರ ಗುರುವಾರ ಅಂತ. ಬೆಳಿಗ್ಗೆ ಸ್ವಲ್ಪ ಬಿಳಿ ಹೊರಬಂದರೆ ಅದು ಕ್ರೀಮೇ.

ಎರಡು ಮೂರು ವಾರದಲ್ಲಿ ಒಣಗುವಿಕೆ ಸ್ವಲ್ಪ ಕಡಿಮೆ ಅನ್ನಿಸುತ್ತದೆ. ಪೂರ್ತಿ ಗುಣ ಕಾಣಲು 8ರಿಂದ 12 ವಾರ ಬೇಕು. ಮೂರು ತಿಂಗಳು ಕೊಡದೆ ‘ಕೆಲಸ ಮಾಡಲಿಲ್ಲ’ ಎನ್ನಬೇಡಿ. ಗುಣವಾಯಿತು ಎಂದು ನಿಲ್ಲಿಸಲೂಬೇಡಿ. ನಿಲ್ಲಿಸಿದರೆ ಚರ್ಮ ತಿಂಗಳುಗಳಲ್ಲಿ ಮೊದಲಿನಂತಾಗುತ್ತದೆ. ಬಿಪಿ ಮಾತ್ರೆಯ ಸಾಲಿಗೆ ಇದನ್ನೂ ಸೇರಿಸಿಕೊಳ್ಳಿ. ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಿದರೆ ಸಾಕು.

ಇನ್ನು ಡಾಪಾಗ್ಲಿಫ್ಲೋಜಿನ್. ಇದನ್ನು ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಈ ಮಾತ್ರೆ, ಎಂಪಾಗ್ಲಿಫ್ಲೋಜಿನ್ ಕೂಡ, ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಕ್ಕರೆ ತುಂಬಿದ ಮೂತ್ರ ತಾಗುವ ಜಾಗದಲ್ಲಿ ಫಂಗಸ್ ಬೆಳೆಯುತ್ತದೆ. ಮೊಸರು ಒಡೆದಂಥ ಬಿಳಿ, ಕೆಂಪು, ತಡೆಯಲಾರದ ತುರಿಕೆ ಇದ್ದರೆ ಇದೇ ಇರಬಹುದು. ಹೀಗಿದ್ದಾಗ ಆಂಟಿಬಯಾಟಿಕ್ ಕೊಟ್ಟರೆ ಫಂಗಸ್ ಇನ್ನಷ್ಟು ಹೆಚ್ಚುತ್ತದೆ. ನಿಮ್ಮ ತುರಿಕೆ ಎಂಟು ತಿಂಗಳ ಹಿಂದಿನಿಂದ ಜಾಸ್ತಿಯಾಯಿತೇ, ನೆನಪು ಮಾಡಿಕೊಳ್ಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಶುಗರ್ ಡಾಕ್ಟರಿಗೆ ಈ ವಿಷಯ ಬಾಯಿಬಿಟ್ಟು ಹೇಳಿ. ಬದಲಾಯಿಸುವುದೋ ಮುಂದುವರಿಸುವುದೋ ಅವರು ತೂಗಿ ನೋಡುತ್ತಾರೆ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯೂ ಆಗಲಿ.

ಮೂರು ಸಲ ಆಂಟಿಬಯಾಟಿಕ್ ಕೊಟ್ಟಾಗ ಒಮ್ಮೆಯಾದರೂ ಯೂರಿನ್ ಕಲ್ಚರ್ ಮಾಡಿದ್ದರಾ? ನಿಮ್ಮ ಪತ್ರದಲ್ಲಿ ಇಲ್ಲ. ಆರು ತಿಂಗಳಲ್ಲಿ ಎರಡು ಅಥವಾ ವರ್ಷದಲ್ಲಿ ಮೂರು ಸಲ ಸೋಂಕು ಬಂದರೆ ಅದು ಮರುಕಳಿಸುವ ಸೋಂಕು. ಅಂಥವರಿಗೆ ಕಲ್ಚರ್ ಬೇಕೇ ಬೇಕು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಸಾಯುತ್ತದೆ ಎಂದು ಗೊತ್ತಾಗುವುದು ಅದರಲ್ಲೇ. ಒಣ ಚರ್ಮಕ್ಕೆ ಮೂತ್ರ ತಾಗಿ ಉರಿಯುವುದನ್ನೂ ಸೋಂಕೆಂದೇ ತಿಳಿದು ಮಾತ್ರೆ ನುಂಗಿದವರನ್ನು ನಾನು ಬಹಳ ನೋಡಿದ್ದೇನೆ.

ಕಲ್ಚರಿಗೆ ಮೂತ್ರ ಕೊಡುವ ಕ್ರಮ ಇದೆ. ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಕೊಡಬೇಕು. ನೀರಲ್ಲಿ ತೊಳೆದು, ಯೋನಿಯ ತುಟಿಗಳನ್ನು ಬಿಡಿಸಿ ಹಿಡಿದು, ಮೊದಲ ಸ್ವಲ್ಪ ಮೂತ್ರ ಬಿಟ್ಟು, ನಡುವಿನದ್ದನ್ನು ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲೇ ಹಿಡಿಯಿರಿ. ಮನೆಯಲ್ಲಿ ಬೆಳಗಿನ ಜಾವ ಹಿಡಿದು, ಅರೇಹಳ್ಳಿಯಿಂದ ಬಸ್ಸಿನಲ್ಲಿ ಹಾಸನಕ್ಕೆ ತರುವಷ್ಟರಲ್ಲಿ ಡಬ್ಬಿಯೊಳಗೇ ಬ್ಯಾಕ್ಟೀರಿಯಾ ಬೆಳೆದು ರಿಪೋರ್ಟ್ ಕೆಡುತ್ತದೆ. ಲ್ಯಾಬಿಗೆ ಬಂದು ಅಲ್ಲೇ ಕೊಡಿ. ಬೇಲೂರಿನಲ್ಲಿ ಕೊಡುವುದಾದರೆ ಅಲ್ಲಿ ಕಲ್ಚರ್ ಮಾಡುತ್ತಾರಾ, ಬೇರೆಡೆ ಕಳಿಸುತ್ತಾರಾ ಎಂದು ಮೊದಲೇ ಕೇಳಿ. ಹಾಸನದ ಹಿಮ್ಸ್ ಮೆಡಿಕಲ್ ಕಾಲೇಜು, ಅಲ್ಲಿ ಸ್ತ್ರೀರೋಗ ವಿಭಾಗವೂ ಲ್ಯಾಬೂ ಒಂದೇ ಕಡೆ ಸಿಗುತ್ತವೆ.

ಇನ್ನೊಂದು ಮಾತು. ಉರಿ ಇಲ್ಲ, ಪದೇ ಪದೇ ಮೂತ್ರ ಇಲ್ಲ, ಜ್ವರ ಇಲ್ಲ, ಆದರೂ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಬಂತು ಅನ್ನಿ. ಆಗ ಔಷಧಿ ಬೇಡ. ಶುಗರ್ ಇದ್ದರೂ ಬೇಡ. ರಿಪೋರ್ಟಿಗೆ ಔಷಧಿ ಕೊಡುವುದು ಮುಂದೆ ನಿಜವಾದ ಸೋಂಕು ಬಂದಾಗ ಔಷಧಿ ಕೆಲಸ ಮಾಡದಂತೆ ಮಾಡುತ್ತದೆ.

ಬಾರ್ಲಿ ನೀರು, ಎಳನೀರು, ಮಜ್ಜಿಗೆ ಕುಡಿಯಿರಿ, ತಪ್ಪೇನಿಲ್ಲ. ಶುಗರ್ ಇರುವುದರಿಂದ ಎಳನೀರು ಹಿತಮಿತ. ಅವುಗಳಿಂದ ಸಿಗುವ ಉಪಕಾರ ಬಹುಪಾಲು ನೀರಿನದ್ದು. ಮೂತ್ರ ತಿಳಿಯಾಗಿ ಉರಿ ತಗ್ಗುತ್ತದೆ. ಮೂತ್ರದ ಹುಳಿ ಕಡಿಮೆ ಮಾಡುವ, ಅಂಗಡಿಯ ಆಲ್ಕಲೈಸರ್ ಸಿರಪ್ ಕೂಡ ಉರಿ ತಗ್ಗಿಸುತ್ತದೆ ಅಷ್ಟೇ, ಸೋಂಕು ಕೊಲ್ಲುವುದಿಲ್ಲ. ನೈಟ್ರೋಫ್ಯುರಾಂಟಾಯಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಕೊಟ್ಟಿದ್ದರೆ ಆ ಸಿರಪ್ ಅದರ ಬಲವನ್ನೇ ಕುಗ್ಗಿಸುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ. ಬೆಳಿಗ್ಗೆಯಿಂದ ಸಂಜೆವರೆಗೆ ಹಣ್ಣು ಕುಯ್ಯುವ ದಿನಗಳಲ್ಲಿ ಹೆಂಗಸರು ನೀರೇ ಕುಡಿಯುವುದಿಲ್ಲ, ಹೋಗಲು ಮರೆಯಾದ ಜಾಗ ಇಲ್ಲ ಅಂತ. ನಿಮ್ಮದೇ ತೋಟ ಅಂದಿರಿ. ನಿಮಗೂ ಕೂಲಿಗೆ ಬರುವವರಿಗೂ ಒಂದು ಶೌಚಾಲಯ ಕಟ್ಟಿಸಿ. ಇದು ಡಾಕ್ಟರ್ ಹೇಳುವ ಮಾತಲ್ಲ ಅನ್ನಬಹುದು, ಆದರೆ ನನ್ನ ಅರ್ಧ ಪೇಶೆಂಟುಗಳ ಕಾಯಿಲೆಗೆ ಅದೂ ಮದ್ದೇ.

ತೊಳೆಯಲು ಡೆಟ್ಟಾಲ್ ಹಾಕುತ್ತಿದ್ದೀರಾ? ನೀವು ಬರೆದಿಲ್ಲ, ಆದರೂ ಕೇಳುತ್ತೇನೆ, ಏಕೆಂದರೆ ತುರಿಕೆ ಎಂದವರಲ್ಲಿ ಬಹಳ ಜನ ಹಾಕುತ್ತಾರೆ. ಇವತ್ತೇ ನಿಲ್ಲಿಸಿ. ಜಾಹೀರಾತಿನ ವಾಶ್‌ಗಳೂ ಬೇಡ. ಒಳಗೆ ಏನನ್ನೂ ಹಾಕಿ ತೊಳೆಯಬಾರದು. ಹೊರಗಡೆಗೆ ಬರೀ ನೀರು ಸಾಕು. ಮಲ ಮಾಡಿದ ಮೇಲೆ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಮಳೆಗಾಲದಲ್ಲಿ ಒದ್ದೆಯಾದ ಒಳ ಉಡುಪಿನಲ್ಲೇ ಸಂಜೆಯವರೆಗೆ ಇರಬೇಡಿ.

ಗಂಡನ ಜೊತೆ ಸೇರುವ ವಿಷಯ. ನೋವಿನಲ್ಲಿ ಸಹಿಸಿಕೊಂಡು ಸೇರಬೇಡಿ. ನೋವಾಗುತ್ತದೆ ಎಂಬ ಭಯಕ್ಕೆ ಮೈ ತಾನಾಗಿ ಬಿಗಿಯುತ್ತದೆ, ಬಿಗಿದರೆ ನೋವು ಇನ್ನೂ ಜಾಸ್ತಿ. ಕ್ರೀಮ್ ಕೆಲಸ ಶುರು ಮಾಡುವವರೆಗೆ ಕೆಲವು ವಾರ ಬಿಡುವು ಬೇಕು ಎಂದು ಅವರಿಗೆ ಹೇಳಿ. ಇದು ಇಷ್ಟವಿಲ್ಲದ್ದಲ್ಲ, ಗಾಯದಂಥ ನೋವು ಎಂದು ಬಿಡಿಸಿ ಹೇಳಿದರೆ ಬಹಳಷ್ಟು ಗಂಡಸರಿಗೆ ಅರ್ಥವಾಗುತ್ತದೆ. ಆಮೇಲೂ ನೀರಿನ ಜೆಲ್, ಅಂದರೆ ವಾಟರ್ ಬೇಸ್ಡ್ ಲೂಬ್ರಿಕೆಂಟ್, ಬಳಸಿ. ಮೆಡಿಕಲ್‌ನಲ್ಲಿ ಸಿಗುತ್ತದೆ. ಈಸ್ಟ್ರೋಜನ್ ಕ್ರೀಮನ್ನು ಅದಕ್ಕೆ ಬಳಸಬೇಡಿ, ಸೇರುವ ಮುಂಚೆ ಹಚ್ಚಲೂಬೇಡಿ. ಕ್ರೀಮ್ ಇಲ್ಲದ ರಾತ್ರಿಗಳಲ್ಲಿ ಹೈಲುರಾನಿಕ್ ಆಮ್ಲದ ಮಾಯಿಶ್ಚರೈಸರ್ ಜೆಲ್ ವಾರಕ್ಕೆ ಎರಡು ಮೂರು ಸಲ ಹಾಕಿಕೊಂಡರೆ ಒಣಗುವಿಕೆಗೆ ಇನ್ನೂ ಹಿತ. ಲೇಸರ್ ಮಾಡಿಸಿಕೊಳ್ಳಿ ಎಂದು ಯಾರಾದರೂ ದುಬಾರಿ ಪ್ಯಾಕೇಜ್ ತೋರಿಸಿದರೆ ಬೇಡ ಅನ್ನಿ. 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಲೇಸರಿಗೂ, ಲೇಸರ್ ಕೊಟ್ಟಂತೆ ನಟಿಸಿದ ಸುಳ್ಳು ಲೇಸರಿಗೂ ಒಂದು ವರ್ಷದ ನಂತರ ವ್ಯತ್ಯಾಸವೇ ಕಾಣಲಿಲ್ಲ.

ಕೆಮ್ಮಿದಾಗ ಜಾರುವ ಮೂತ್ರಕ್ಕೆ ಮಾತ್ರ ಈ ಕ್ರೀಮ್ ಒಂದೇ ಸಾಲದು. ಅದು ಕೆಳಗಿನ ಸ್ನಾಯು ಸಡಿಲವಾದದ್ದು. ಗಾಳಿ ಹೋಗದಂತೆ ತಡೆಯುವಾಗ ಯಾವ ಸ್ನಾಯು ಮೇಲಕ್ಕೆ ಬಿಗಿಯುತ್ತದೋ ಅದನ್ನೇ ಬಿಗಿದು, ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಿ. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಒಮ್ಮೆಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು. ಕೆಮ್ಮು ಬರುತ್ತಿದೆ ಅನ್ನಿಸಿದ ತಕ್ಷಣ ಮೊದಲು ಬಿಗಿ ಹಿಡಿದು ಆಮೇಲೆ ಕೆಮ್ಮಿ. ಗೊಬ್ಬರದ ಮೂಟೆ ಎತ್ತುವುದು ಬೇರೆಯವರಿಗೆ ಬಿಡಿ. ಓಡುವಷ್ಟು ಅವಸರ ಇದೆಯಾ ಎಂದು ನೀವು ಬರೆದಿಲ್ಲ. ಅದಿದ್ದರೆ ಕಾಫಿಯನ್ನೂ ಲೆಕ್ಕ ಹಾಕಬೇಕು. ಕೆಫೀನ್ ಮೂತ್ರಕೋಶವನ್ನು ಕೆರಳಿಸುತ್ತದೆ. ಕಾಫಿ ಬೆಳೆಯುವವರಿಗೆ ಕಾಫಿ ಬಿಡಿ ಅನ್ನುವ ಧೈರ್ಯ ನನಗಿಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನದೊಳಗೆ ಇನ್ನೊಂದು ಲೋಟಕ್ಕೆ ನಿಲ್ಲಿಸಿ ನೋಡಿ.

ಕೆಲವಕ್ಕೆ ಕಾಯಬಾರದು. ಚಳಿ ಜ್ವರ, ಸೊಂಟದ ಪಕ್ಕ ನೋವು, ವಾಂತಿ ಬಂದರೆ ಸೋಂಕು ಕಿಡ್ನಿಗೆ ಹೋಗಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ. ಮೂತ್ರದಲ್ಲಿ ರಕ್ತ, ಯೋನಿಯಿಂದ ರಕ್ತ, ಏನೋ ಕೆಳಗೆ ಜಾರಿ ಬಂದಂತೆ ಕೈಗೆ ಸಿಗುವುದು, ಇವೂ ತೋರಿಸಲೇಬೇಕಾದವು.

ಮೂರು ತಿಂಗಳು ಸರಿಯಾಗಿ ಹಚ್ಚಿ, ಫಂಗಸ್ ಇಲ್ಲ ಎಂದು ಖಚಿತವಾದ ಮೇಲೂ ತುರಿಕೆ ಹೋಗದಿದ್ದರೆ, ಮುಖ್ಯವಾಗಿ ರಾತ್ರಿ ನಿದ್ದೆ ಕೆಡಿಸುವಷ್ಟು ಇದ್ದರೆ, ಕನ್ನಡಿ ಹಿಡಿದು ನೋಡಿಕೊಳ್ಳಿ. ಹೊರಗಿನ ಚರ್ಮ ಬಿಳಚಿ, ಕಾಗದದಂತೆ ಸುಕ್ಕಾಗಿ ಕಂಡರೆ ಅದು ಲೈಕನ್ ಸ್ಕ್ಲಿರೋಸಸ್ ಎಂಬ ಬೇರೆಯೇ ಕಾಯಿಲೆ ಇರಬಹುದು. ಅದಕ್ಕೆ ಈಸ್ಟ್ರೋಜನ್ ಅಲ್ಲ, ಕ್ಲೋಬೆಟಾಸೋಲ್ ಎಂಬ ಬಲವಾದ ಸ್ಟೀರಾಯ್ಡ್ ಮುಲಾಮು ಬೇಕು. ಅಪರೂಪಕ್ಕೆ ಅದರಲ್ಲಿ ಕ್ಯಾನ್ಸರ್ ಆಗುವುದೂ ಉಂಟು, ಹಾಗಾಗಿ ಅಂಗಡಿಯ ತುರಿಕೆ ಮುಲಾಮು ಹಚ್ಚುತ್ತಾ ಕೂರದೆ, ಆ ಚರ್ಮವನ್ನು ಡಾಕ್ಟರಿಗೆ ತೋರಿಸಿ. ಹೋಗುವಾಗ ಹಳೆಯ ಚೀಟಿಗಳು, ತೆಗೆದುಕೊಂಡ ಮಾತ್ರೆಗಳ ಖಾಲಿ ಸ್ಟ್ರಿಪ್, ಆ ಕ್ರೀಮಿನ ಟ್ಯೂಬು ಎಲ್ಲವನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮಗಳನ್ನೂ ಕರೆದುಕೊಂಡು ಹೋಗಿ. ಚೀಟಿ ಓದಿದವಳು ಅವಳು, ಪ್ರಶ್ನೆಯನ್ನೂ ಅವಳೇ ಕೇಳಲಿ.